ಒಂದು ಮಾತು ಒಂದೇ ಕಡೆ: ಯಂತ್ರೋಪಕರಣದ ಪ್ರೋಗ್ರಾಮುಗಳನ್ನು ಹಲವು ಕಡತಗಳಲ್ಲಿ ಅಳವಡಿಸುವ ಕ್ರಮ

ತರಗತಿಗಳು: 8, 9, 10
ಸಂಬಂಧಿಸಿದ ವಿಷಯಗಳು: ಗಣಿತ (ನಿರ್ದೇಶಾಂಕಗಳು, ಪೂರ್ಣಾಂಕಗಳು, ದಶಮಾಂಶಗಳು), ವೃತ್ತಿ ಪರಿಚಯ
ಅವಧಿ: 4 ಪೀರಿಯಡ್‌ಗಳು
ಬೋಧನಾ ಸಾಮಗ್ರಿ: ಗ್ರಾಫ್ ಹಾಳೆ, ಪೆನ್ಸಿಲ್, ರಟ್ಟಿನ ಕಾರ್ಡುಗಳು, ಸಣ್ಣ ಚೀಟಿಗಳು

ಕಲಿಕಾ ಫಲಗಳು

ಈ ಪಾಠದ ಕೊನೆಗೆ ವಿದ್ಯಾರ್ಥಿಗಳು

1. ಸಿಎನ್‌ಸಿ ಯಂತ್ರಕ್ಕೆ ಕೊಡುವ ಆದೇಶಗಳ ಸ್ವರೂಪವನ್ನು ತಮ್ಮ ಮಾತಿನಲ್ಲಿ ವಿವರಿಸುವರು.
2. ಮುಖ್ಯ ಪ್ರೋಗ್ರಾಂ ಮತ್ತು ಉಪಪ್ರೋಗ್ರಾಂಗಳ ಸಂಬಂಧವನ್ನು, ಕರೆದಲ್ಲಿಗೆ ಮರಳುವ ಕ್ರಮವನ್ನು ತಿಳಿಸುವರು.
3. ನಿರಪೇಕ್ಷ ಅಳತೆ ಮತ್ತು ಏರಿಕೆಯ ಅಳತೆಗಳ ವ್ಯತ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ತೋರಿಸುವರು.
4. ಹಲವರು ಬಳಸುವ ಕಡತವನ್ನು ತಿದ್ದುವ ಮೊದಲು ವಹಿಸಬೇಕಾದ ಎಚ್ಚರಿಕೆಗಳನ್ನು ಪಟ್ಟಿ ಮಾಡುವರು.

ಪೀಠಿಕೆ

ರಾಯದುರ್ಗದ ಮಕ್ಕಳಿಗೆ ಬಳ್ಳಾರಿ, ಮೊಳಕಾಲ್ಮೂರುಗಳು ಹತ್ತಿರದ ಊರುಗಳು. ಮಡಕಶಿರಾದ ಮಕ್ಕಳಿಗೆ ಹಿಂದೂಪುರ, ಪೆನುಕೊಂಡ, ಶಿರಾ, ತುಮಕೂರುಗಳು ಹತ್ತಿರ. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬೇರೆಯಾದರೂ ಎರಡೂ ಕಡೆಯ ಕನ್ನಡ ಮಾಧ್ಯಮದ ಮಕ್ಕಳ ಮುಂದಿರುವ ಪ್ರಶ್ನೆ ಒಂದೇ: ಹತ್ತನೆಯ ತರಗತಿಯ ನಂತರ ಯಾವ ಕೆಲಸ, ಯಾವ ಭಾಷೆಯಲ್ಲಿ?

ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಂಪನಿಯ ಕಾರುಗಳು ತಯಾರಾಗುತ್ತಿವೆ. ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಯಂತ್ರೋಪಕರಣಗಳಿಗಾಗಿಯೇ ಒಂದು ಕೈಗಾರಿಕಾ ಪಾರ್ಕ್ ಇದೆ. ಬೆಂಗಳೂರಿಗೆ ಈ ಉದ್ಯಮದಲ್ಲಿ ಹಳೆಯ ಹೆಸರಿದೆ. ಹಿಂದುಸ್ತಾನ್ ಮಷಿನ್ ಟೂಲ್ಸ್, ಅಂದರೆ ನಾವೆಲ್ಲ ಬಲ್ಲ ಎಚ್‌ಎಂಟಿ, 1953ರಲ್ಲಿ ಅಲ್ಲಿ ಸ್ಥಾಪನೆಯಾಯಿತು. 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ 1972ರಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವೂ ಅಲ್ಲಿಯೇ ಆರಂಭವಾದವು. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಇಂಥ ಕಡೆಗಳಲ್ಲಿ ಕೆಲಸ ಹುಡುಕುವ ವಿದ್ಯಾರ್ಥಿ ಬಹುಬೇಗ ಸಿಎನ್‌ಸಿ ಯಂತ್ರದ ಮುಂದೆ ನಿಲ್ಲಬೇಕಾಗುತ್ತದೆ.

ಯಂತ್ರದ ಪರದೆಯ ಮೇಲೆ ರೋಮನ್ ಅಕ್ಷರಗಳನ್ನು ಕಂಡಾಗ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಇಂಗ್ಲಿಷ್ ಬಲ್ಲವರ ಕೆಲಸವೆಂಬ ಅಳುಕು ಮೂಡುವುದು ಸಹಜ. ಆ ಅಳುಕಿಗೆ ಆಧಾರವಿಲ್ಲ. ಪ್ರೋಗ್ರಾಮಿನ ಆದೇಶಗಳಲ್ಲಿ ಇಂಗ್ಲಿಷಿನ ಒಂದು ವಾಕ್ಯವೂ ಇರುವುದಿಲ್ಲ. ಕೆಲವು ಅಕ್ಷರಗಳೂ ಸಂಖ್ಯೆಗಳೂ ಮಾತ್ರ ಇರುತ್ತವೆ. ಅವುಗಳ ಹಿಂದಿನ ವಿಚಾರಕ್ರಮವನ್ನು ಮನೆಮಾತಿನಲ್ಲಿ, ಯಂತ್ರವಿಲ್ಲದ ತರಗತಿಯಲ್ಲಿಯೂ ಕಲಿಯಬಹುದು. ಈ ಪಾಠ ಆ ವಿಚಾರಕ್ರಮದ ಒಂದು ಭಾಗವನ್ನು ಎತ್ತಿಕೊಂಡಿದೆ: ದೊಡ್ಡ ಪ್ರೋಗ್ರಾಮನ್ನು ಹಲವು ಕಡತಗಳಾಗಿ ವಿಂಗಡಿಸುವುದು ಏಕೆ, ಹೇಗೆ ಮತ್ತು ಯಾವ ಎಚ್ಚರಿಕೆಯಿಂದ.

1. ಆದೇಶದ ಭಾಷೆ

ಸಿಎನ್‌ಸಿ ಎಂದರೆ ಗಣಕದ ಮೂಲಕ ಸಂಖ್ಯೆಗಳಿಂದ ನಿಯಂತ್ರಿಸುವ ಪದ್ಧತಿ. ಲೇತ್ ಅಥವಾ ಮಿಲ್ಲಿಂಗ್ ಯಂತ್ರದ ಟೂಲ್ ಎಲ್ಲಿಗೆ, ಎಷ್ಟು ವೇಗದಲ್ಲಿ ಚಲಿಸಬೇಕೆಂಬುದನ್ನು ಹಿಂದೆ ಕೆಲಸಗಾರನು ಕೈಚಕ್ರ ತಿರುಗಿಸಿ ನಿರ್ಧರಿಸುತ್ತಿದ್ದನು. ಈಗ ಅದನ್ನು ಸಂಖ್ಯೆಗಳಲ್ಲಿ ಬರೆದು ಕೊಡುತ್ತಾರೆ. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇಂಥ ಮಿಲ್ಲಿಂಗ್ ಯಂತ್ರವನ್ನು ಮೊದಲು ಪ್ರದರ್ಶಿಸಿದಾಗ ಆದೇಶಗಳು ರಂಧ್ರ ಕೊರೆದ ಪಟ್ಟಿಯ ಮೇಲೆ ಇದ್ದವು. ಇಂದು ಅವು ಗಣಕದ ಕಡತಗಳಲ್ಲಿವೆ. ಆದೇಶಗಳನ್ನು ಬರೆಯುವ ರೀತಿಗೆ 1982ರಲ್ಲಿ ಐಎಸ್‌ಒ 6983 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿತು.

ಈ ಪಾಠಕ್ಕೆ ಬೇಕಾದ ಆದೇಶಗಳು ಕೆಲವೇ. ಯಂತ್ರದಲ್ಲಿ ಇವುಗಳನ್ನು ರೋಮನ್ ಅಕ್ಷರಗಳಲ್ಲಿ ಒತ್ತಬೇಕು; ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ.

ಜಿ00: ವೇಗವಾಗಿ ಆ ಬಿಂದುವಿಗೆ ಹೋಗು
ಜಿ01: ಕೊಟ್ಟ ವೇಗದಲ್ಲಿ ಲೋಹವನ್ನು ಕತ್ತರಿಸುತ್ತ ನೇರವಾಗಿ ಹೋಗು
ಜಿ90: ಅಳತೆಗಳೆಲ್ಲ ಮೂಲಬಿಂದುವಿನಿಂದ (ನಿರಪೇಕ್ಷ ಅಳತೆ)
ಜಿ91: ಅಳತೆಗಳೆಲ್ಲ ಈಗ ನಿಂತಿರುವ ಸ್ಥಳದಿಂದ (ಏರಿಕೆಯ ಅಳತೆ)
ಜಿ81: ರಂಧ್ರ ಕೊರೆಯುವ ಆವರ್ತನ, ಜಿ80: ಆ ಆವರ್ತನವನ್ನು ನಿಲ್ಲಿಸು
ಎಂ98: ಉಪಪ್ರೋಗ್ರಾಮನ್ನು ಕರೆ, ಎಂ99: ಕರೆದಲ್ಲಿಗೆ ಮರಳು
ಎಂ30: ಪ್ರೋಗ್ರಾಂ ಮುಗಿಯಿತು

ಎಕ್ಸ್, ವೈ, ಝಡ್ ಎಂಬುವು ಅಕ್ಷಗಳು. ವಿದ್ಯಾರ್ಥಿಗಳು ಗ್ರಾಫ್ ಹಾಳೆಯಲ್ಲಿ ಬಲ್ಲ ಎಕ್ಸ್ ಮತ್ತು ವೈ ಅಕ್ಷಗಳೇ ಇಲ್ಲಿಯೂ ಇವೆ. ಝಡ್ ಎಂಬುದು ಮೇಲೆ ಕೆಳಗಿನ ಚಲನೆ. ದಶಮಾಂಶ ಬಿಂದುವಿನ ಮಹತ್ವವನ್ನು ಇಲ್ಲಿಯೇ ಹೇಳಿರಿ. ಹಲವು ನಿಯಂತ್ರಕಗಳಲ್ಲಿ ಎಕ್ಸ್20.0 ಎಂದರೆ 20 ಮಿಲಿಮೀಟರ್, ಬಿಂದುವಿಲ್ಲದೆ ಎಕ್ಸ್20 ಎಂದರೆ 20 ಮೈಕ್ರಾನ್, ಅಂದರೆ 0.020 ಮಿಲಿಮೀಟರ್. ಒಂದು ಚುಕ್ಕೆ ಬಿಟ್ಟುಹೋದರೆ ಅಳತೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ.

2. ಪಲ್ಲವಿಯ ಹೋಲಿಕೆ

ಉಪಪ್ರೋಗ್ರಾಮಿನ ಕಲ್ಪನೆ ನಮ್ಮ ಮಕ್ಕಳಿಗೆ ಹೊಸದಲ್ಲ. ಕೀರ್ತನೆಯ ಪುಸ್ತಕವನ್ನು ತರಗತಿಗೆ ತಂದು ತೋರಿಸಿರಿ. ಪಲ್ಲವಿಯನ್ನು ಮೇಲೆ ಒಮ್ಮೆ ಮಾತ್ರ ಪೂರ್ತಿ ಅಚ್ಚು ಮಾಡಿರುತ್ತಾರೆ. ಪ್ರತಿ ಚರಣದ ಕೊನೆಯಲ್ಲಿ ಪಲ್ಲವಿಯ ಮೊದಲ ಪದವೋ ‘ಪ’ ಎಂಬ ಒಂದಕ್ಷರವೋ ಇರುತ್ತದೆ. ಹಾಡುವವರು ಆ ಗುರುತನ್ನು ಕಂಡೊಡನೆ ಪಲ್ಲವಿಗೆ ಹೋಗಿ, ಅದನ್ನು ಪೂರ್ತಿ ಹಾಡಿ, ಮತ್ತೆ ಬಿಟ್ಟಲ್ಲಿಗೆ ಬಂದು ಮುಂದಿನ ಚರಣವನ್ನು ಎತ್ತಿಕೊಳ್ಳುತ್ತಾರೆ.

ಇಲ್ಲಿ ಮೂರು ಸಂಗತಿಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿರಿ. ಪಲ್ಲವಿ ಬರೆದಿರುವುದು ಒಂದೇ ಕಡೆ. ಅದನ್ನು ಕರೆಯುವ ಗುರುತು ಹಲವು ಕಡೆ. ಹಾಡಿ ಮುಗಿಸಿದ ಮೇಲೆ ಮರಳಬೇಕಾದ್ದು ಕರೆದ ಚರಣದ ಮುಂದಕ್ಕೆ, ಹಾಡಿನ ಆರಂಭಕ್ಕಲ್ಲ. ಚರಣದ ಕೊನೆಯ ಗುರುತು ಎಂ98, ಪಲ್ಲವಿಯ ಕೊನೆಯಲ್ಲಿ ಮರಳುವುದು ಎಂ99.

ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಬಹುದು. ಭಜನೆಯ ಕೊನೆಗೆ ಹಾಡುವ ಮಂಗಳ ಪ್ರತಿ ಹಾಡಿನ ಕೆಳಗೂ ಅಚ್ಚಾಗಿರುವುದಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿಯೋ ಬೇರೆ ಪುಸ್ತಕದಲ್ಲಿಯೋ ಇರುತ್ತದೆ; ಎಲ್ಲ ಹಾಡುಗಳಿಗೂ ಅದೊಂದೇ. ಹಾಗೆಯೇ ಹಲವು ಮುಖ್ಯ ಪ್ರೋಗ್ರಾಮುಗಳು ಹಂಚಿಕೊಳ್ಳುವ ಉಪಪ್ರೋಗ್ರಾಂ ತನ್ನದೇ ಆದ ಪ್ರತ್ಯೇಕ ಕಡತದಲ್ಲಿರುತ್ತದೆ.

3. ಆರು ರಂಧ್ರಗಳ ತಟ್ಟೆ

ಈಗ ನಿಜವಾದ ಕೆಲಸವೊಂದನ್ನು ನೋಡೋಣ. 120 ಮಿ.ಮೀ. ಉದ್ದ, 80 ಮಿ.ಮೀ. ಅಗಲದ ಉಕ್ಕಿನ ತಟ್ಟೆಯಲ್ಲಿ 8 ಮಿ.ಮೀ. ತಿರುಪು ಕೂರುವಂತೆ ಆರು ರಂಧ್ರಗಳು ಬೇಕು. ಎಡಗಡೆಯ ಕೆಳಮೂಲೆಯೇ ಮೂಲಬಿಂದು. ಪ್ರತಿ ರಂಧ್ರಕ್ಕೂ ಮೂರು ಕೆಲಸಗಳಿವೆ. ಮೊದಲು ಸೆಂಟರ್ ಡ್ರಿಲ್‌ನಿಂದ ಗುರುತಿನ ಕುಳಿ, ಅನಂತರ 6.8 ಮಿ.ಮೀ. ಡ್ರಿಲ್‌ನಿಂದ ರಂಧ್ರ; ಕೊನೆಗೆ ಟ್ಯಾಪ್‌ನಿಂದ ಒಳಗಿನ ಮರೆ.

ಎಲ್ಲವನ್ನೂ ಒಂದೇ ಕಡತದಲ್ಲಿ ನೇರವಾಗಿ ಬರೆದರೆ ಆರು ಸ್ಥಾನಗಳನ್ನು ಮೂರು ಸಲ, ಒಟ್ಟು 18 ಸಾಲುಗಳಲ್ಲಿ ಬರೆಯಬೇಕು. ಅದರ ಬದಲು ಸ್ಥಾನಗಳನ್ನು ಮಾತ್ರ ಒಂದು ಉಪಪ್ರೋಗ್ರಾಮಿನಲ್ಲಿ ಇಡೋಣ.

ಓ1001
ಎಕ್ಸ್20.0 ವೈ20.0
ಎಕ್ಸ್60.0 ವೈ20.0
ಎಕ್ಸ್100.0 ವೈ20.0
ಎಕ್ಸ್100.0 ವೈ60.0
ಎಕ್ಸ್60.0 ವೈ60.0
ಎಕ್ಸ್20.0 ವೈ60.0
ಎಂ99

ಮುಖ್ಯ ಪ್ರೋಗ್ರಾಮಿನಲ್ಲಿ ಮೊದಲ ಟೂಲಿಗೆ ಸಂಬಂಧಿಸಿದ ಭಾಗ ಹೀಗಿರುತ್ತದೆ. ಇದು ಫಾನುಕ್ ನಿಯಂತ್ರಕದ ರೀತಿ.

ಓ0001
ಜಿ21 ಜಿ90 ಜಿ54
ಟಿ01 ಎಂ06
ಎಸ್1500 ಎಂ03
ಜಿ00 ಎಕ್ಸ್20.0 ವೈ20.0
ಜಿ43 ಎಚ್01 ಝಡ್50.0
ಜಿ99 ಜಿ81 ಝಡ್-3.0 ಆರ್5.0 ಎಫ್100 ಕೆ0
ಎಂ98 ಪಿ1001
ಜಿ80

ಜಿ81ರ ಸಾಲಿನಲ್ಲಿ ಆಳ, ವೇಗಗಳನ್ನು ತಿಳಿಸಿದೆ. ಕೆ0 ಎಂದರೆ ವಿವರವನ್ನು ನೆನಪಿಟ್ಟುಕೋ, ಈಗಲೇ ಕೊರೆಯಬೇಡ ಎಂದರ್ಥ. ಬಳಿಕ ಎಂ98 ಪಿ1001 ಎಂದಾಗ ಯಂತ್ರ ಓ1001ಕ್ಕೆ ಹೋಗಿ, ಅಲ್ಲಿರುವ ಪ್ರತಿ ಸ್ಥಾನದಲ್ಲಿಯೂ ಕೊರೆದು ಮರಳುತ್ತದೆ. ಎರಡನೆಯ, ಮೂರನೆಯ ಟೂಲುಗಳಿಗೆ ಆಳ, ವೇಗ, ಆವರ್ತನಗಳು ಬದಲಾಗುತ್ತವೆ. ಕರೆಯುವ ಸಾಲು ಮಾತ್ರ ಅದೇ. ಟೂಲ್ ಬದಲಿಸುವ ಸ್ಥಾನಕ್ಕೆ ಹೋಗುವ ಆದೇಶಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಇಲ್ಲಿ ಬಿಟ್ಟಿದೆ.

ಸಾಲುಗಳು ಕಡಿಮೆಯಾದುದೇ ಇದರ ಲಾಭವೆಂದು ವಿದ್ಯಾರ್ಥಿಗಳು ಹೇಳಬಹುದು. ಅದು ಚಿಕ್ಕ ಲಾಭ. ದೊಡ್ಡದನ್ನು ಈ ಪ್ರಶ್ನೆಯಿಂದ ಹೊರತೆಗೆಯಿರಿ: ನಕ್ಷೆ ಬದಲಾಗಿ ಆರನೆಯ ರಂಧ್ರ ಎಕ್ಸ್20.0ರಿಂದ ಎಕ್ಸ್22.0ಕ್ಕೆ ಸರಿಯಿತು, ಈಗ ಏನು ಮಾಡಬೇಕು?

18 ಸಾಲುಗಳಲ್ಲಿ ಬರೆದವನು ಮೂರು ಕಡೆ ತಿದ್ದಬೇಕು. ಎರಡು ಕಡೆ ತಿದ್ದಿ ಟ್ಯಾಪ್‌ನ ಸಾಲನ್ನು ಮರೆತನೆನ್ನಿ. ಕುಳಿ ಸರಿಯಾದ ಜಾಗದಲ್ಲಿ ಬೀಳುತ್ತದೆ. ರಂಧ್ರವೂ ಸರಿಯಾದ ಜಾಗದಲ್ಲಿ ಆಗುತ್ತದೆ. ಟ್ಯಾಪ್ ಮಾತ್ರ ಎರಡು ಮಿಲಿಮೀಟರ್ ಪಕ್ಕಕ್ಕೆ ಇಳಿದು, ಅರ್ಧ ರಂಧ್ರಕ್ಕೂ ಅರ್ಧ ಗಟ್ಟಿ ಉಕ್ಕಿಗೂ ತಾಗಿ ಮುರಿಯುತ್ತದೆ. ಮುರಿದ ಟ್ಯಾಪನ್ನು ಹೊರತೆಗೆಯುವುದು ಹೊಸ ತಟ್ಟೆಯನ್ನು ಮಾಡುವುದಕ್ಕಿಂತ ಕಷ್ಟವಾಗಬಹುದು. ಉಪಪ್ರೋಗ್ರಾಂ ಬರೆದವನಾದರೋ ಒಂದೇ ಸಾಲನ್ನು ತಿದ್ದುತ್ತಾನೆ. ಮೂರು ಟೂಲುಗಳೂ ಹೊಸ ಸ್ಥಾನಕ್ಕೇ ಹೋಗುತ್ತವೆ. ಅಳತೆ ಎಂಬುದು ಒಂದು ಮಾತು. ಆ ಮಾತನ್ನು ಮೂರು ಕಡೆ ಬರೆದಿಟ್ಟರೆ ಒಂದಲ್ಲ ಒಂದು ದಿನ ಮೂರೂ ಬೇರೆ ಬೇರೆ ಹೇಳುತ್ತವೆ.

4. ಕರೆದಲ್ಲಿಗೆ ಮರಳುವುದು

ಉಪಪ್ರೋಗ್ರಾಂ ಇನ್ನೊಂದು ಉಪಪ್ರೋಗ್ರಾಮನ್ನು ಕರೆಯಬಹುದು. ಆಗ ಯಂತ್ರ ದಾರಿ ತಪ್ಪುವುದಿಲ್ಲವೇ? ಇದನ್ನು ಚೀಟಿಗಳಿಂದ ವಿವರಿಸಿರಿ. ಮುಖ್ಯ ಪ್ರೋಗ್ರಾಮಿನ 3ನೆಯ ಸಾಲಿನಲ್ಲಿ 2001ನ್ನು ಕರೆದಾಗ ‘ಮುಖ್ಯ, 4ನೆಯ ಸಾಲು’ ಎಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡಬೇಕು. 2001ರ 4ನೆಯ ಸಾಲಿನಲ್ಲಿ 2002ನ್ನು ಕರೆದಾಗ ‘2001, 5ನೆಯ ಸಾಲು’ ಎಂಬ ಚೀಟಿಯನ್ನು ಅದರ ಮೇಲೆ ಇಡಬೇಕು. ಎಂ99 ಬಂದಾಗ ಮೇಲಿನ ಚೀಟಿಯನ್ನು ತೆಗೆದು ಅಲ್ಲಿ ಬರೆದ ಸಾಲಿಗೆ ಹೋಗಬೇಕು. ಕೊನೆಯಲ್ಲಿ ಇಟ್ಟ ಚೀಟಿ ಮೊದಲು ಹೊರಬರುತ್ತದೆ; ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಂತೆ. ಎಷ್ಟು ಚೀಟಿಗಳನ್ನು ಇಡಬಹುದೆಂಬುದಕ್ಕೆ ಮಿತಿಯುಂಟು. ಹಳೆಯ ಹಲವು ನಿಯಂತ್ರಕಗಳಲ್ಲಿ ಅದು ನಾಲ್ಕು ಹಂತ.

ಎರಡು ತಪ್ಪುಗಳನ್ನು ಚರ್ಚಿಸಿರಿ. ಉಪಪ್ರೋಗ್ರಾಮಿನ ಕೊನೆಯಲ್ಲಿ ಎಂ99ರ ಬದಲು ಎಂ30 ಬರೆದರೆ ಕೆಲಸ ನಡುವಿನಲ್ಲಿಯೇ ಮುಗಿಯುತ್ತದೆ. ಚೀಟಿ ಮೇಜಿನ ಮೇಲೆಯೇ ಉಳಿಯುತ್ತದೆ. ಮುಖ್ಯ ಪ್ರೋಗ್ರಾಮಿನ ಕೊನೆಯಲ್ಲಿ ಎಂ99 ಬರೆದರೆ ಮರಳಲು ಚೀಟಿಯೇ ಇಲ್ಲದ್ದರಿಂದ ಯಂತ್ರ ಆರಂಭಕ್ಕೆ ಹೋಗಿ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ.

5. ಅಳತೆ ಬೇರೆ, ಆಕಾರ ಒಂದೇ

ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಹೊಲಿಗೆಯ ಮನೆಗಳನ್ನು ಕಂಡ ಮಕ್ಕಳಿಗೆ ಪ್ಯಾಟರ್ನ್ ಎಂದರೇನೆಂದು ಗೊತ್ತು. 28, 30, 32ರ ಸೊಂಟದಳತೆಗೆ ಕತ್ತರಿಸುವ ಬಟ್ಟೆಯ ಆಕಾರ ಒಂದೇ ಬಗೆಯದು, ಬದಲಾಗುವುದು ಅಳತೆ. ಯಂತ್ರೋಪಕರಣದಲ್ಲಿಯೂ ಹೀಗೆ ಅಳತೆಯನ್ನು ಕರೆಯುವಾಗಲೇ ಕೊಡಬಹುದು. ಫಾನುಕ್ ರೀತಿಯಲ್ಲಿ ಜಿ65 ಎಂಬ ಆದೇಶದೊಂದಿಗೆ ಎ, ಬಿ, ಸಿ ಎಂದು ಬರೆದ ಬೆಲೆಗಳು ಉಪಪ್ರೋಗ್ರಾಮಿನ ಒಳಗೆ #1, #2, #3 ಎಂಬ ಹೆಸರಿನಲ್ಲಿ ದೊರೆಯುತ್ತವೆ. ಬೀಜಗಣಿತದ ಚರಾಕ್ಷರಗಳನ್ನು ಕಲಿತ ವಿದ್ಯಾರ್ಥಿಗೆ ಇದು ಅವುಗಳ ನೇರ ಉಪಯೋಗವೆಂದು ತೋರಿಸಿರಿ.

6. ಇದ್ದಂತೆಯೇ ಒಪ್ಪಿಸುವುದು

ಈ ಪಾಠದ ಅತಿ ಮುಖ್ಯ ಭಾಗ ಇದು. ನೆರೆಮನೆಯಿಂದ ಸೇರನ್ನು ಎರವಲು ತಂದವರು ಅದನ್ನು ತೊಳೆದು, ಇದ್ದಂತೆಯೇ ಮರಳಿಸುತ್ತಾರೆ. ಉಪಪ್ರೋಗ್ರಾಂ ಕೂಡ ಯಂತ್ರವನ್ನು ಮುಖ್ಯ ಪ್ರೋಗ್ರಾಮಿನಿಂದ ಎರವಲು ಪಡೆಯುತ್ತದೆ. ಯಾವ ಸ್ಥಿತಿಯಲ್ಲಿ ಪಡೆಯಿತೋ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು.

ಜಿ90, ಜಿ91ರಂಥ ಆದೇಶಗಳು ಒಮ್ಮೆ ಹೇಳಿದರೆ ಮತ್ತೊಂದು ಹೇಳುವವರೆಗೆ ಜಾರಿಯಲ್ಲಿರುತ್ತವೆ. ಉಪಪ್ರೋಗ್ರಾಂ ಮುಗಿದ ಮಾತ್ರಕ್ಕೆ ಅವು ಹಳೆಯ ಸ್ಥಿತಿಗೆ ಬರುವುದಿಲ್ಲ. ಉಪಪ್ರೋಗ್ರಾಂ ಜಿ91 ಹಾಕಿಕೊಂಡು ತನ್ನ ಕೆಲಸ ಮುಗಿಸಿ, ಜಿ90 ಹಾಕದೆ ಮರಳಿತೆನ್ನಿ. ಟೂಲ್ ಎಕ್ಸ್100.0ರಲ್ಲಿದೆ. ಮುಖ್ಯ ಪ್ರೋಗ್ರಾಮಿನ ಮುಂದಿನ ಸಾಲು ಜಿ00 ಎಕ್ಸ್120.0. ಬರೆದವನ ಮನಸ್ಸಿನಲ್ಲಿ ಟೂಲ್ 20 ಮಿ.ಮೀ. ಮುಂದೆ ಹೋಗಬೇಕು. ಯಂತ್ರ 120 ಮಿ.ಮೀ. ಮುಂದೆ ಹೋಗಿ 220ರಲ್ಲಿ ನಿಲ್ಲಲು ಹೊರಡುತ್ತದೆ. ಆ ದಾರಿಯಲ್ಲಿ ತಟ್ಟೆಯನ್ನು ಹಿಡಿದ ಕ್ಲ್ಯಾಂಪ್ ಇರಬಹುದು. ಎರಡು ಕಡತಗಳನ್ನೂ ಬೇರೆ ಬೇರೆಯಾಗಿ ಓದಿದವರಿಗೆ ಅಂಕಿಗಳಲ್ಲಿ ತಪ್ಪು ಕಾಣುವುದಿಲ್ಲ. ತಪ್ಪು ಇರುವುದು ಎರಡು ಕಡತಗಳ ನಡುವಿನ ಒಪ್ಪಂದದಲ್ಲಿ.

ಆದ್ದರಿಂದ ಎರಡು ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ.

ಮೊದಲನೆಯದು: ಉಪಪ್ರೋಗ್ರಾಂ ತಾನು ಬದಲಿಸಿದ್ದನ್ನು ಮರಳುವ ಮೊದಲು ಸರಿಪಡಿಸಬೇಕು.
ಎರಡನೆಯದು: ಮುಖ್ಯ ಪ್ರೋಗ್ರಾಂ ಕರೆಯಿಂದ ಮರಳಿದ ಮೇಲೆ ತನಗೆ ಬೇಕಾದ ಸ್ಥಿತಿಯನ್ನು ಮತ್ತೊಮ್ಮೆ ಹೇಳಬೇಕು.

ಒಂದನ್ನು ಪಾಲಿಸಿದರೆ ಸಾಲದೇ ಎಂದು ಕೇಳಿದರೆ, ಎರಡು ಕಡತಗಳನ್ನು ಇಬ್ಬರು ಬೇರೆ ಬೇರೆ ದಿನಗಳಲ್ಲಿ ಬರೆದಿರಬಹುದೆಂದು ನೆನಪಿಸಿರಿ.

7. ಹೆಸರು, ಸಂಖ್ಯೆ, ನೆಲೆ

ಕಡತಗಳು ಹೆಚ್ಚಾದಂತೆ ಯಾವುದು ಎಲ್ಲಿದೆಯೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಎಲ್ಲ ನಿಯಂತ್ರಕಗಳ ಉತ್ತರ ಒಂದೇ ಅಲ್ಲ.

ಫಾನುಕ್: ಸಾಂಪ್ರದಾಯಿಕವಾಗಿ ಓ ಅಕ್ಷರದ ಮುಂದೆ ನಾಲ್ಕು ಅಂಕಿಗಳು. ಸಂಖ್ಯೆಯೇ ಹೆಸರು. 9000ದಿಂದ 9999ರವರೆಗಿನವುಗಳನ್ನು ಯಾರೂ ತಿದ್ದದಂತೆ ಬೀಗ ಹಾಕಬಹುದು. ಯಂತ್ರ ತಯಾರಕರ ಪ್ರೋಗ್ರಾಮುಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಯಂತ್ರದ ಹೊರಗಿನ ಸ್ಮೃತಿಯಲ್ಲಿರುವ ಕಡತವನ್ನು ಕರೆಯಲು ಎಂ198 ಇದೆ.

ಸೀಮೆನ್ಸ್: ಕಡತಗಳಿಗೆ ಪದಗಳ ಹೆಸರಿಡಬಹುದು. ಮುಖ್ಯ ಪ್ರೋಗ್ರಾಮಿನ ಹೆಸರಿನ ಕೊನೆಯಲ್ಲಿ ಎಂಪಿಎಫ್, ಉಪಪ್ರೋಗ್ರಾಮಿನ ಕೊನೆಯಲ್ಲಿ ಎಸ್‌ಪಿಎಫ್ ಎಂದಿರುತ್ತದೆ. ಮರಳಲು ಎಂ17 ಬಳಸುತ್ತಾರೆ.

ಲಿನಕ್ಸ್‌ಸಿಎನ್‌ಸಿ: ಇದು ಉಚಿತವಾಗಿ ದೊರೆಯುವ ತಂತ್ರಾಂಶ. ಇಲ್ಲಿ ಉಪಪ್ರೋಗ್ರಾಮಿನ ಹೆಸರೂ ಕಡತದ ಹೆಸರೂ ಒಂದೇ ಆಗಿರಬೇಕು. ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆಗಳಿಗೆ ಮಾತ್ರ ಅವಕಾಶ. ಒಂದು ಕಡತದಲ್ಲಿ ಒಂದೇ ಉಪಪ್ರೋಗ್ರಾಂ. ಯಾವ ಯಾವ ಕೋಶಗಳಲ್ಲಿ ಹುಡುಕಬೇಕೆಂಬುದನ್ನು ಸಂಯೋಜನೆಯ ಕಡತದಲ್ಲಿ ಬರೆದಿಡುತ್ತಾರೆ. ಹುಡುಕುವಾಗ ಮೊದಲು ಸಿಕ್ಕಿದ್ದೇ ನಡೆಯುತ್ತದೆ. ಎರಡು ಕೋಶಗಳಲ್ಲಿ ಒಂದೇ ಹೆಸರಿನ ಕಡತಗಳಿದ್ದು ಒಂದು ಹಳೆಯದಾಗಿದ್ದರೆ ಆಗುವ ಅನರ್ಥವನ್ನು ವಿದ್ಯಾರ್ಥಿಗಳೇ ಊಹಿಸಲಿ. ಸ್ಥಿತಿಯನ್ನು ಕಾಪಾಡಿ ತಾನಾಗಿಯೇ ಮರಳಿಸುವ ಎಂ73 ಎಂಬ ಆದೇಶವೂ ಇದರಲ್ಲಿದೆ. ಯಂತ್ರವಿಲ್ಲದೆಯೂ ಗಣಕದ ಪರದೆಯ ಮೇಲೆ ಟೂಲಿನ ದಾರಿಯನ್ನು ತೋರಿಸುವ ವ್ಯವಸ್ಥೆ ಇರುವುದರಿಂದ ಗಣಕ ಕೊಠಡಿಯುಳ್ಳ ಪಾಠಶಾಲೆಗಳು ಇದನ್ನು ಬಳಸಬಹುದು.

ನಿಯಂತ್ರಕ ಯಾವುದೇ ಇರಲಿ, ಸಂಖ್ಯೆಗಳನ್ನು ಮನಸ್ಸಿಗೆ ಬಂದಂತೆ ಕೊಡಬಾರದು. ಉದಾಹರಣೆಗೆ 1000ದ ಸಾಲು ರಂಧ್ರಗಳ ಸ್ಥಾನಕ್ಕೆ, 2000ದ ಸಾಲು ಆಕಾರಗಳಿಗೆ ಎಂದು ಮೊದಲೇ ಹಂಚಿಕೊಳ್ಳಬೇಕು.

8. ತಿದ್ದುವ ಮೊದಲು

ಒಂದೇ ಕಡೆ ಬರೆಯುವುದರಿಂದ ಒಂದು ಹೊಸ ಅಪಾಯವೂ ಹುಟ್ಟುತ್ತದೆ. ಓ1001ನ್ನು ಮೂರು ಬಗೆಯ ತಟ್ಟೆಗಳ ಮುಖ್ಯ ಪ್ರೋಗ್ರಾಮುಗಳು ಕರೆಯುತ್ತಿವೆ. ಒಂದು ತಟ್ಟೆಯ ನಕ್ಷೆ ಮಾತ್ರ ಬದಲಾಯಿತು. ಓ1001ನ್ನು ತಿದ್ದಿದರೆ ಉಳಿದ ಎರಡು ತಟ್ಟೆಗಳೂ ಕೆಡುತ್ತವೆ. ಅದೂ ತಿದ್ದಿದವನ ಪಾಳಿ ಮುಗಿದು ಇನ್ನೊಬ್ಬನು ಯಂತ್ರದ ಮುಂದೆ ನಿಂತಾಗ. ಇಂಥಲ್ಲಿ ಹಳೆಯದನ್ನು ಹಾಗೆಯೇ ಬಿಟ್ಟು ಹೊಸ ಸಂಖ್ಯೆಯ ಕಡತವನ್ನು ಮಾಡಿ, ಬದಲಾದ ತಟ್ಟೆಯ ಮುಖ್ಯ ಪ್ರೋಗ್ರಾಂ ಅದನ್ನು ಕರೆಯುವಂತೆ ಮಾಡುವುದೇ ಸರಿ.

ಹಾಗಾದರೆ ಒಂದೇ ಕಡೆ ಇರಬೇಕಾದ್ದು ಯಾವುದು? ಅಳತೆಗಳು ಇಂದು ಸಮವಾಗಿದ್ದರೆ ಸಾಲದು; ಬದಲಾದರೆ ಒಟ್ಟಿಗೇ ಬದಲಾಗಬೇಕಾದವು ಒಂದೇ ಕಡೆ ಇರಬೇಕು. ಒಂದೇ ತಟ್ಟೆಯ ಕುಳಿ, ರಂಧ್ರ, ಮರೆಗಳ ಸ್ಥಾನ ಒಟ್ಟಿಗೇ ಬದಲಾಗುತ್ತದೆ. ಬೇರೆ ಬೇರೆ ತಟ್ಟೆಗಳ ಅಳತೆಗಳು ಇಂದು ಆಕಸ್ಮಿಕವಾಗಿ ಕೂಡಿರಬಹುದು, ನಾಳೆ ಅಗಲಬಹುದು. ಪ್ರತಿಯೊಂದು ಪಾಠಶಾಲೆಯಲ್ಲಿ ದಾಖಲೆ ಪುಸ್ತಕ ಇರುವಂತೆ ಪ್ರೋಗ್ರಾಮುಗಳಿಗೂ ಒಂದು ದಾಖಲೆ ಇರಬೇಕು. ಅದರಲ್ಲಿ ಐದು ಅಂಕಣಗಳು ಸಾಕು: ಸಂಖ್ಯೆ, ಅದು ಮಾಡುವ ಕೆಲಸ, ಅದನ್ನು ಕರೆಯುವ ಪ್ರೋಗ್ರಾಮುಗಳು, ಕೊನೆಯ ತಿದ್ದುಪಡಿಯ ದಿನಾಂಕ, ತಿದ್ದಿದವರ ಸಹಿ. ಮೂರನೆಯ ಅಂಕಣವನ್ನು ಓದದೆ ಯಾರೂ ಕಡತವನ್ನು ಮುಟ್ಟಬಾರದು.

ಚಟುವಟಿಕೆ: ರಂಗೋಲಿಯ ಯಂತ್ರ

ತರಗತಿಯನ್ನು ನಾಲ್ವರ ಗುಂಪುಗಳಾಗಿ ಮಾಡಿರಿ. ಒಬ್ಬರು ಮುಖ್ಯ ಕಾರ್ಡನ್ನು, ಒಬ್ಬರು 2001ರ ಕಾರ್ಡನ್ನು ಓದುವರು. ಒಬ್ಬರು ಚೀಟಿಗಳನ್ನು ನೋಡಿಕೊಳ್ಳುವರು. ನಾಲ್ಕನೆಯವರು ಯಂತ್ರ, ಅಂದರೆ ಪೆನ್ಸಿಲ್ ಹಿಡಿದವರು. ಯಂತ್ರವಾದವರು ಹೇಳಿದ್ದನ್ನು ಮಾತ್ರ ಮಾಡಬೇಕು, ಊಹಿಸಿ ಸರಿಪಡಿಸಬಾರದು. ಗ್ರಾಫ್ ಹಾಳೆ ಉದ್ದಗಲಗಳಲ್ಲಿ 15 ಸೆಂ.ಮೀ. ಇರಲಿ.

ಮುಖ್ಯ ಕಾರ್ಡು
1. ಜಿ90
2. ಎಕ್ಸ್2 ವೈ2ಕ್ಕೆ ಹೋಗು
3. 2001ನ್ನು ಕರೆ
4. ಎಕ್ಸ್10 ವೈ2ಕ್ಕೆ ಹೋಗು
5. 2001ನ್ನು ಕರೆ
6. ಎಕ್ಸ್10 ವೈ10ಕ್ಕೆ ಹೋಗು
7. 2001ನ್ನು ಕರೆ
8. ಎಕ್ಸ್2 ವೈ10ಕ್ಕೆ ಹೋಗು
9. 2001ನ್ನು ಕರೆ
10. ಮುಗಿಯಿತು

2001ರ ಕಾರ್ಡು
1. ಜಿ91
2. ಪೆನ್ಸಿಲ್ ಇಳಿಸು
3. ಎಕ್ಸ್2
4. ವೈ2
5. ಎಕ್ಸ್-2
6. ವೈ-2
7. ಪೆನ್ಸಿಲ್ ಎತ್ತು
8. ಜಿ90
9. ಮರಳು

ನಾಲ್ಕು ಮೂಲೆಗಳಲ್ಲಿ ನಾಲ್ಕು ಚೌಕಗಳು ಮೂಡಬೇಕು. ಅನಂತರ 2001ರ ಕಾರ್ಡಿನಲ್ಲಿ 8ನೆಯ ಸಾಲನ್ನು ಹೊಡೆದುಹಾಕಿ, ಹೊಸ ಹಾಳೆಯಲ್ಲಿ ಮತ್ತೆ ಮಾಡಿಸಿರಿ. ಎರಡನೆಯ ಚೌಕ (10, 2)ರ ಬದಲು (12, 4)ರಲ್ಲಿ ಬೀಳುತ್ತದೆ. ಮೂರನೆಯದಕ್ಕೆ ಪೆನ್ಸಿಲ್ ಹಾಳೆಯಿಂದ ಹೊರಗೆ ಹೋಗುತ್ತದೆ. ಹಾಳೆಯ ಹೊರಗಿನ ಆ ಜಾಗದಲ್ಲಿ ಕಾರ್ಖಾನೆಯಲ್ಲಿ ಏನಿರುತ್ತದೆ ಎಂದು ಕೇಳಿರಿ. ಇಲ್ಲಿ ಕೆಟ್ಟದ್ದು ಒಂದು ಹಾಳೆ. ಅಲ್ಲಿ ಟೂಲ್, ಜಾಬ್, ಒಮ್ಮೊಮ್ಮೆ ಕೆಲಸಗಾರನ ಕೈ.

ಮುಂದುವರಿಕೆ: ಚೌಕದ ನಡುವೆ ಅಡ್ಡಗೆರೆ ಎಳೆಯುವ 2002ರ ಕಾರ್ಡನ್ನು ಬರೆದು, 2001ರಿಂದ ಅದನ್ನು ಕರೆಯುವಂತೆ ಮಾಡಿಸಿರಿ. ಎರಡು ಚೀಟಿಗಳು ಒಂದರ ಮೇಲೊಂದು ಬರುವುದನ್ನು ಎಲ್ಲರೂ ಗಮನಿಸಲಿ. 2002 ಕೂಡ ಜಿ90 ಹಾಕಿ ಮರಳಿದರೆ 2001ರ ಉಳಿದ ಸಾಲುಗಳಿಗೆ ಏನಾಗುವುದೆಂದು ಚರ್ಚಿಸಿರಿ. ‘ಇದ್ದಂತೆ ಒಪ್ಪಿಸು’ ಎಂಬುದಕ್ಕೂ ‘ಜಿ90 ಹಾಕು’ ಎಂಬುದಕ್ಕೂ ಇರುವ ವ್ಯತ್ಯಾಸ ಆಗ ಸ್ಪಷ್ಟವಾಗುತ್ತದೆ: ಜಿ91ರಲ್ಲಿ ಕರೆದವರಿಗೆ ಜಿ91ರಲ್ಲಿಯೇ ಮರಳಿಸಬೇಕು.

ಸುರಕ್ಷತೆ

ಕಾರ್ಖಾನೆ ಅಥವಾ ಐಟಿಐಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಹೊಸ ಪ್ರೋಗ್ರಾಮನ್ನು ಹೇಗೆ ಪರೀಕ್ಷಿಸುತ್ತಾರೆಂದು ಕೇಳಿಸಿರಿ. ಮೊದಲು ಪರದೆಯ ಮೇಲೆ ಟೂಲಿನ ದಾರಿ. ಅನಂತರ ಟೂಲನ್ನು ಜಾಬ್‌ನಿಂದ ಮೇಲೆ ಇರಿಸಿ ಡ್ರೈ ರನ್. ಬಳಿಕ ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದೇ ಸಾಲು, ವೇಗ ತಗ್ಗಿಸಿ. ಉಪಪ್ರೋಗ್ರಾಮಿಗೆ ಹೋಗುವ ಸಾಲಿನಲ್ಲಿಯೂ ಅಲ್ಲಿಂದ ಮರಳಿದ ಮೊದಲ ಸಾಲಿನಲ್ಲಿಯೂ ಹೆಚ್ಚು ಎಚ್ಚರಿಕೆ ಬೇಕು. ತಿದ್ದಿದ ಹಳೆಯ ಕಡತಕ್ಕೂ ಇದೇ ಕ್ರಮ. ಒಂದು ಸಾಲಿನ ತಿದ್ದುಪಡಿಯೆಂದು ಪರೀಕ್ಷೆಯನ್ನು ಬಿಡಬಾರದು.

ಮೌಲ್ಯಾಂಕನ

1. ಕೀರ್ತನೆಯ ಪಲ್ಲವಿಗೂ ಉಪಪ್ರೋಗ್ರಾಮಿಗೂ ಇರುವ ಮೂರು ಹೋಲಿಕೆಗಳನ್ನು ತಿಳಿಸಿರಿ.
2. ಒಂಬತ್ತು ರಂಧ್ರಗಳಿಗೆ ನಾಲ್ಕು ಕೆಲಸಗಳಿವೆ. ನೇರವಾಗಿ ಬರೆದರೆ ಸ್ಥಾನದ ಸಾಲುಗಳು ಎಷ್ಟು? ಉಪಪ್ರೋಗ್ರಾಂ ಬಳಸಿದರೆ ಎಷ್ಟು, ಕರೆಗಳು ಎಷ್ಟು?
3. ಟ್ಯಾಪ್‌ನ ಮರೆಯ ಅಂತರ 1.25 ಮಿ.ಮೀ., ಸ್ಪಿಂಡಲ್ ನಿಮಿಷಕ್ಕೆ 400 ಸುತ್ತು. ಟ್ಯಾಪ್ ನಿಮಿಷಕ್ಕೆ ಎಷ್ಟು ಮಿ.ಮೀ. ಮುಂದೆ ಸಾಗಬೇಕು?
4. ಚಟುವಟಿಕೆಯಲ್ಲಿ ಜಿ90 ಬಿಟ್ಟುಹೋದಾಗ ನಾಲ್ಕು ಚೌಕಗಳ ಆರಂಭದ ಬಿಂದುಗಳನ್ನು ಬರೆಯಿರಿ.
5. ಮೂರು ಪ್ರೋಗ್ರಾಮುಗಳು ಕರೆಯುವ ಕಡತವನ್ನು ಒಂದರ ಸಲುವಾಗಿ ತಿದ್ದುವುದು ಏಕೆ ಸರಿಯಲ್ಲ? ನೀವಾದರೆ ಏನು ಮಾಡುವಿರಿ?

ಉತ್ತರ ಸೂಚನೆ: (2) 36, 9 ಸ್ಥಾನಗಳು, 4 ಕರೆಗಳು. (3) 500 ಮಿ.ಮೀ. (4) (2, 2), (12, 4), (22, 14), (24, 24).

ಶಿಕ್ಷಕರಿಗೆ ಸೂಚನೆ

ಕಾರ್ಖಾನೆಯಲ್ಲಿ ಬಳಕೆಯಲ್ಲಿರುವ ಪ್ರೋಗ್ರಾಂ, ಟೂಲ್, ಜಾಬ್, ಕ್ಲ್ಯಾಂಪ್ ಮೊದಲಾದ ಪದಗಳನ್ನು ಹಾಗೆಯೇ ಉಳಿಸಿರಿ. ಅವುಗಳಿಗೆ ಹೊಸ ಕನ್ನಡ ಪದಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ವಿವರಣೆ ಮಾತ್ರ ಕನ್ನಡದಲ್ಲಿಯೇ ನಡೆಯಲಿ. ಚಟುವಟಿಕೆಯ ವೇಳೆ ಮಕ್ಕಳು ತಮ್ಮ ಮನೆಯ ಆಡುಮಾತಿನಲ್ಲಿಯೋ ತೆಲುಗು ಬೆರೆಸಿಯೋ ಚರ್ಚಿಸಿದರೆ ತಡೆಯಬೇಡಿರಿ. ನಾಳೆ ಹಿಂದೂಪುರದಲ್ಲಿಯೋ ಪೀಣ್ಯದಲ್ಲಿಯೋ ಅವರ ಪಕ್ಕದಲ್ಲಿ ನಿಲ್ಲುವವರ ಭಾಷೆ ಯಾವುದೇ ಇರಬಹುದು. ‘ಈ ಕಡತವನ್ನು ಇನ್ನಾರು ಕರೆಯುತ್ತಾರೆ?’ ಎಂಬ ಪ್ರಶ್ನೆಯನ್ನು ಕೇಳುವ ಅಭ್ಯಾಸ ಅವರಿಗೆ ಈ ತರಗತಿಯಲ್ಲಿಯೇ ಆಗಿರಬೇಕು.